ಮೀನಿನ ಪೆಟ್ಟಿಗೆಗೆ ಕಾರವಾರದ ಮರಳು

ಮನೆಯಲ್ಲಿ ಒಬ್ಬರು ಕಾಲು ಮುರಿದುಕೊಂಡು ಮಲಗಿದರೆ ಉಳಿದವರಿಗೂ ಕೈಕಾಲು ಆಡುವುದಿಲ್ಲ. ಬ್ಯಾಡಗಿಯ ಶರೀಫಾಬಿಯ ಮನೆಯಲ್ಲಿ ಹಾಗೇ ಆಗಿತ್ತು. ಅವಳ ಅತ್ತೆ ಅಕ್ಬರಬಿ ಬಚ್ಚಲಲ್ಲಿ ಜಾರಿಬಿದ್ದು, ಹಾವೇರಿಯ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದಿದ್ದರು. ಮೊದಲ ವಾರವೆಲ್ಲ ಗೋಡೆ ನೋಡುತ್ತ ಮಲಗಿದರು. ಊಟ ಬೇಡ, ಮಾತು ಬೇಡ.

ಆಗ ಅಕ್ಬರಬಿಯ ಮಗ, ಶರೀಫಾಬಿಯ ಗಂಡ ದಾದಾಸಾಬ ರಾಣೆಬೆನ್ನೂರಿನಿಂದ ಒಂದು ಗಾಜಿನ ಪೆಟ್ಟಿಗೆಯನ್ನೂ ಎರಡು ಕೆಂಪು ಮೀನುಗಳನ್ನೂ ತಂದು ಹಾಸಿಗೆಯ ಪಕ್ಕದಲ್ಲಿಟ್ಟ. ಅಕ್ಬರಬಿ ಮೆಲ್ಲಗೆ ಈ ಕಡೆ ಹೊರಳಿದರು. ಒಂದಕ್ಕೆ ಸಾಹುಕಾರ, ಇನ್ನೊಂದಕ್ಕೆ ಬೇಗಂ ಎಂದು ಹೆಸರಿಟ್ಟರು. ಬೇಗಂ ತಿಂದ ಮೇಲೆಯೇ ತಾವು ರೊಟ್ಟಿ ಮುರಿಯುತ್ತಿದ್ದರು. ಆ ಮೀನುಗಳಿಗೆ ಏನಾದರೂ ಆದರೆ ಅತ್ತೆ ಮತ್ತೆ ಗೋಡೆಯ ಕಡೆ ಹೊರಳಿಬಿಡುತ್ತಾರೆ ಎನ್ನುವುದೊಂದೇ ಶರೀಫಾಬಿಯ ಹೆದರಿಕೆ.

ದಾದಾಸಾಬ ಮೆಣಸಿನಕಾಯಿ ಲಾರಿಯ ಡ್ರೈವರ್. ಕಾರವಾರಕ್ಕೆ ಹೋಗಿದ್ದವನು ಒಂದು ಮುಂಜಾನೆ ಚೀಲ ಹೊತ್ತು ಒಳಗೆ ಬಂದ.

"ಅಮ್ಮಾ, ಸಮುದ್ರ ನೋಡೇ ಇಲ್ಲ ಅಂತಿದ್ದೆಲ್ಲ? ಅಲ್ಲೀ ಉಸುಕ ತಂದೀನಿ ನೋಡು! ಪೆಟ್ಟಿಗಿ ಬುಡಕ್ಕ ಹಾಕಿದ್ರ ನಿನ್ನ ಬೇಗಂ ಖರೇನ ರಾಣಿ ಆಕ್ಕಾಳ."

ಶರೀಫಾಬಿ ಬೊಗಸೆ ತುಂಬ ಮರಳು ತೆಗೆದಳು. ಅಷ್ಟರಲ್ಲಿ ಪಕ್ಕದ ಮನೆಯ ಶೇಖವ್ವ, ಅಕ್ಬರಬಿಗೆಂದು ಬಿಸಿ ಗಂಜಿ ಹಿಡಿದು ಬಂದರು. ಅವರು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುವವರು. ಶಾಲೆಯ ಮೀನುಗಳನ್ನು ನೋಡಿಕೊಳ್ಳುವವರೂ ಅವರೇ.

"ತಡೀವಾ ಶರೀಫಾ! ಉಸುಕ ತೊಳದೀರೇನು?"

"ಸಮುದ್ರ ದಿನಾ ತೊಳೀತೈತ್ರಿ ಅಕ್ಕೋರ, ನಾವೇನ್ ತೊಳ್ಯೂದು?" ಎಂದು ದಾದಾಸಾಬ ನಕ್ಕ.

"ಅದು ಉಪ್ಪುನೀರಾಗ ತೊಳೀತೈತಿ. ಈ ಮೀನು ಸಿಹಿನೀರಿನವು. ಉಪ್ಪು ಹೆಚ್ಚಾದ್ರ ಸೊರಗತಾವು."

"ಮೀನಿಗೆ ಉಪ್ಪಿನ ಹೆದರಿಕಿ? ಸಮುದ್ರದಾಗ ಮೀನ ಇಲ್ಲೇನ್ರಿ?"

"ನಿಮ್ಮ ಲಾರಿ ಡೀಸೆಲ್ ಕುಡೀತೈತಿ. ಅದನ್ನ ನನ್ನ ಪೆಟ್ರೋಲ್ ಗಾಡಿ ಲೂನಾಕ್ಕ ಹಾಕಿದ್ರ ಓಡತೈತೇನು?"

ಹಾಸಿಗೆಯಿಂದ ಅಕ್ಬರಬಿ ಕೂಗಿದರು: "ಹಂಗ ಹೇಳವಾ! ನನ್ನ ಮಗಗ ಗಾಡಿ ಮಾತಿನಾಗ ಹೇಳಿದ್ರನ ತಿಳಿಯೂದು."

ಸ್ವಲ್ಪ ಮರಳನ್ನು ಬಕೆಟ್ಟಿಗೆ ಹಾಕಿ, ನೀರು ಸುರಿದು, ಶರೀಫಾಬಿ ಕೈಯಾಡಿಸಿದಳು. ನೀರು ಕೆಂಪಾಯಿತು. ಅವಳಿಗೆ ಒಂದು ಸೀನು ಬಂತು. ಚೀಲ ಕೊಡವಿದ ದಾದಾಸಾಬನಿಗೆ ನಾಲ್ಕು ಸೀನು. ಶೇಖವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಏನ್ರಿ, ಇದ್ಯಾವ ಚೀಲ?" ಎಂದಳು ಶರೀಫಾಬಿ.

"ಮೆಣಸಿನಕಾಯಿದು," ದಾದಾಸಾಬ ತಲೆ ಕೆರೆದುಕೊಂಡ. "ಗಾಡ್ಯಾಗ ಮತ್ತ್ಯಾವ ಚೀಲ ಇರತೈತಿ?"

"ಏನೋ ದಾದಾ," ಎಂದರು ಅಕ್ಬರಬಿ, "ನನ್ನ ಬೇಗಂನ ಸಾಕಾಕ ತಂದೀಯೋ, ಖಾರ ಹಚ್ಚಿ ಹುರಿಯಾಕ ತಂದೀಯೋ?"

ತಿಂಗಳೊಪ್ಪತ್ತಿನಲ್ಲಿ ಆ ಮನೆ ಹಾಗೆ ನಕ್ಕಿರಲಿಲ್ಲ.

"ಸಾಬೂನ ಪುಡಿ ಹಾಕಿ ತೊಳೀಲೇನ್ರಿ ಅಕ್ಕೋರ?" ಎಂದಳು ಶರೀಫಾಬಿ.

"ಬ್ಯಾಡವಾ, ಸಾಬೂನಂದ್ರ ಮೀನಿಗೆ ವಿಷ. ಬರೇ ನೀರು ಸಾಕು. ಹತ್ತು ಸಲ ಆಗಲಿ, ನೀರು ತಿಳಿಯಾಗೂ ತನಕ ತೊಳಿ. ಮತ್ತ, ಉಪ್ಪಿನಕಾಯಿಗೆ ಹಾಕೂ ಸಿರ್ಕಾ ಒಂದೀಟು ತಾ."

ತೊಳೆದ ಮರಳನ್ನು ಒಂದು ಚಮಚೆಯಷ್ಟು ಚಹಾದ ಬಸಿಯಲ್ಲಿ ಹಾಕಿ ಶೇಖವ್ವ ಸಿರ್ಕಾ, ಅಂದರೆ ವಿನೆಗರ್, ಸುರಿದರು. ಚುರ್ರೆಂದು ನೊರೆ ಎದ್ದಿತು.

"ಸೋಡಾ ಬಾಟ್ಲಿ ಒಡದಂಗ ಆತಲ್ರಿ!" ಎಂದ ದಾದಾಸಾಬ. ಈಗ ಅವನು ನಗಲಿಲ್ಲ.

"ಇದರಾಗ ಚಿಪ್ಪಿನ ಚೂರು ಭಾಳ ಅದಾವು. ಚಿಪ್ಪಂದ್ರ ಸುಣ್ಣ. ತೊಳದ್ರ ಉಪ್ಪು ಹೋದೀತು, ಸುಣ್ಣ ಹೋಗಂಗಿಲ್ಲ. ಸಾವಕಾಶ ಕರಗಿ ನೀರು ಗಡುಸು ಮಾಡತೈತಿ. ನಮ್ಮ ಬೋರಿನ ನೀರು ಮೊದಲ ಗಡುಸು, ಬ್ಯಾಳಿ ಬೇಯೂದಿಲ್ಲ. ಅದರ ಮ್ಯಾಲೆ ಇದೂ ಯಾಕ?"

ಅಷ್ಟು ದೂರದಿಂದ ಅಮ್ಮನಿಗೆಂದು ಹೊತ್ತು ತಂದದ್ದು. ದಾದಾಸಾಬನ ಮುಖ ಬಾಡಿತು. ಶೇಖವ್ವ ಅದನ್ನು ನೋಡಿದರು.

"ಮೀನಿಗೆ ಬ್ಯಾಡ ಅಂದೆ. ಅಮ್ಮಗ ಬ್ಯಾಡ ಅಂದೆನೇನು?"

ಶರೀಫಾಬಿ ಮರಳಿನಲ್ಲಿ ಖಾರದ ಕಣವೂ ಉಳಿಯದಂತೆ ತೊಳೆದು, ಎರಡು ದಿನ ಬಿಸಿಲಿಗೆ ಹರವಿ, ಅಗಲ ತಟ್ಟೆಯಂಥ ದೊಡ್ಡ ಪರಾತದಲ್ಲಿ ತುಂಬಿ ಮಂಚದ ಪಕ್ಕ ನೆಲದ ಮೇಲಿಟ್ಟಳು. ಅಕ್ಬರಬಿಯನ್ನು ಎತ್ತಿ ಕೂಡಿಸಿ, ಪ್ಲಾಸ್ಟರ್ ಇಲ್ಲದ ಕಾಲನ್ನು ಅದರಲ್ಲಿ ಇಳಿಸಿದಳು. ಅವರು ಬೆರಳಾಡಿಸಿದರು, ಕಣ್ಣು ಮುಚ್ಚಿದರು. "ಕಚಗುಳಿ ಇಟ್ಟಂಗಾಕ್ಕೈತಿ ನೋಡ," ಎಂದು ಸಣ್ಣ ಹುಡುಗಿಯಂತೆ ನಕ್ಕರು.

ಮುಂದಿನ ವಾರ ದಾದಾಸಾಬ ತುಂಗಭದ್ರೆಯ ಮರಳು ತಂದ, ಹೊಸ ಚೀಲದಲ್ಲಿ. ತಾನೇ ತೊಳೆದ. ತಾನೇ ಸಿರ್ಕಾ ಹಾಕಿ, ನೊರೆ ಬರಲಿಲ್ಲವೆಂದು ಓಣಿಗೆಲ್ಲ ತೋರಿಸಿದ. ಮೀನುಗಳನ್ನು ಅವುಗಳದೇ ಹಳೆಯ ನೀರಿನ ಸಮೇತ ಬಕೆಟ್ಟಿಗೆ ಬಿಟ್ಟು, ಪೆಟ್ಟಿಗೆಯಲ್ಲಿ ಎರಡು ಬೆರಳು ದಪ್ಪ ಮರಳು ಹಾಸಿದರು. ಮರಳು ಕದಡದಂತೆ ಅದರ ಮೇಲೊಂದು ಬಸಿಯಿಟ್ಟು, ಬಸಿಯ ಮೇಲೆ ಮೆಲ್ಲಗೆ ನೀರು ಸುರಿದರು. ಒಂದು ದಿನ ಬಿಟ್ಟು ನೀರು ತಿಳಿಯಾದ ಮೇಲೆ ಮೀನು ಬಿಟ್ಟರು. ಬೇಗಂ ಮರಳಿಗೆ ಮೂಗು ತೂರಿಸಿ ಹುಡುಕತೊಡಗಿತು; ಸಾಹುಕಾರ ಅದರ ಹಿಂದೆ.

ಅಕ್ಬರಬಿ ಪರಾತದೊಳಗೆ ಕಾಲಿಟ್ಟುಕೊಂಡೇ ನೋಡುತ್ತಿದ್ದರು.

"ಹೊಳಿ ಅವಕ್ಕ, ಸಮುದ್ರ ನನಗ," ಎಂದರು. "ಸರಿಯಾಗಿ ಹಂಚೀದಿ ಶೇಖವ್ವಾ."

ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಮನೆಯಲ್ಲೂ ಮೀನಿನ ಪೆಟ್ಟಿಗೆ ಇದ್ದೀತು. ಮರಳು ಎಲ್ಲಿಯದೇ ಇರಲಿ, ಶುದ್ಧ ಚೀಲದಲ್ಲಿ ತನ್ನಿ, ಬರಿಯ ನೀರಿನಲ್ಲಿ ತಿಳಿಯಾಗುವವರೆಗೆ ತೊಳೆಯಿರಿ, ಒಂದು ಚಮಚೆ ಬೇರೆ ತೆಗೆದು ಸಿರ್ಕಾ ಹಾಕಿ ನೋಡಿ, ಆ ಚಮಚೆಯಷ್ಟನ್ನು ಚೆಲ್ಲಿಬಿಡಿ. ನೊರೆ ಬಂದ ಮರಳು ನಿಮ್ಮ ಸಿಹಿನೀರಿನ ಮೀನಿಗೆ ಬೇಡ. ಗಾಜಿನ ಆಚೆಯ ಜೀವಕ್ಕೆ ಕೂಗಿ ಹೇಳಲು ಬಾಯಿಲ್ಲ. ಅದರ ಪರವಾಗಿ ನೀವೇ ಒಂದು ಗಳಿಗೆ ನಿಂತು ಪರೀಕ್ಷಿಸಿ.