ಅಪ್ಪಯ್ಯನ ಬಿಳಿರಕ್ತಕಣಗಳು

ಅಪ್ಪಯ್ಯನ ಕಣಗಳು ಉರುಳುತ್ತಿರಲಿಲ್ಲ.

ಉರುಳಬೇಕಿತ್ತು. ಮೈಕ್ರೋಸ್ಕೋಪಿನ ಕೆಳಗಿದ್ದದ್ದು ಕೂದಲೆಳೆಯಷ್ಟು ಸಣ್ಣ ಗಾಜಿನ ಕಾಲುವೆ. ಊತ ಬಂದ ಜಾಗದ ರಕ್ತನಾಳದ ಗೋಡೆಯಲ್ಲಿ ಇರುವಂಥದೇ ಪ್ರೋಟೀನನ್ನು ಅದರ ತಳಕ್ಕೆ ಬಳಿದಿದ್ದೆ. ಆರೋಗ್ಯವಂತರ ಬಿಳಿಕಣಗಳು ಅಲ್ಲಿ ಹರಿದು ಬಂದಾಗ, ಮೈಮೇಲಿನ ರಿಸೆಪ್ಟರ್ ಎಂಬ ಪುಟ್ಟ ಕೈಗಳಿಂದ ಗೋಡೆ ತಡವುತ್ತವೆ. ವೇಗ ತಗ್ಗಿ ಉರುಳುತ್ತವೆ. ಬೇರೆ ಕೈಗಳಿಂದ ಗಟ್ಟಿಯಾಗಿ ಹಿಡಿದು ನಿಂತು, ಕೊನೆಗೆ ನಾಳದಾಚೆ ನುಸುಳುತ್ತವೆ.

ಹೋದ ಭಾನುವಾರ ಲಂಡನ್ನಿನ ಅಂಚಿನ ಹೇಸ್‌ನ ನಮ್ಮ ಮನೆಯಲ್ಲಿ ಇದನ್ನು ವಿವರಿಸಿದಾಗ ಅಪ್ಪಯ್ಯ ತಟ್ಟನೆ ಹೇಳಿದ್ದರು: "ಓಡು ಬಸ್ಸಿಂದ ಇಳ್ದಂಗೆ ಅಲ್ದಾ? ಕಂಬಿ ಹಿಡ್ಕಂಡ್ ನಾಲ್ಕ್ ಹೆಜ್ಜಿ ಓಡ್ಕ್. ಸೀದಾ ಹಾರ್ರೆ ಹಲ್ಲ್ ಹೋತ್ತ್."

ನನ್ನ ಖಾಯಂ ರಕ್ತದಾನಿ ಕೈಕೊಟ್ಟಿದ್ದ ವಾರ ಅದು. ಮೈಕ್ರೋಸ್ಕೋಪಿನ ನನ್ನ ಪಾಳಿ ಗುರುವಾರ ಮಾತ್ರ. ತಪ್ಪಿದರೆ ಮತ್ತೆ ಮೂರು ವಾರ, ಅಷ್ಟರಲ್ಲಿ ಪಿಎಚ್‌ಡಿಯ ವಾರ್ಷಿಕ ಪರಿಶೀಲನೆ ಮುಗಿದಿರುತ್ತದೆ. "ನನ್ನ ರಕ್ತ ಎಂತ ನೀರಾ?" ಎಂದು ಅಪ್ಪಯ್ಯ ತಾವೇ ಮುಂದಾದರು. ಹೆಸರು ಶೀನಪ್ಪ, ವಯಸ್ಸು ಐವತ್ತೆಂಟು, ಫೆಲ್ಥಮ್‌ನಲ್ಲಿ ವಿಮಾನದ ಊಟ ತಯಾರಿಸುವ ಅಡುಗೆಮನೆಯಲ್ಲಿ ಕೆಲಸ. ನೋವಿನ ಮಾತ್ರೆ ಮಾತ್ರ ತಗೋಬೇಡಿ, ಕಣಗಳು ಮಂಕಾಗುತ್ತವೆ ಎಂದಿದ್ದೆ.

ಗುರುವಾರ ಬೆಳಿಗ್ಗೆ ವೈಟ್‌ಚಾಪೆಲ್‌ನ ನಮ್ಮ ಲ್ಯಾಬಿಗೆ ಬಂದರು. ಸಂಬಂಧಿಕರ ರಕ್ತ ತೆಗೆಯುವಾಗ ನಾವು ಒಳಗಿರುವಂತಿಲ್ಲ. ಬಾಗಿಲ ಗಾಜಿನಿಂದ ಇಣುಕಿದೆ. ಕೋಟಿನ ಒಂದೇ ತೋಳು ಕಳಚಿ, ಇನ್ನೊಂದು ಕೈ ಜೇಬಿನಲ್ಲಿಟ್ಟುಕೊಂಡು ನರ್ಸ್ ಜೊತೆ ನಗುತ್ತಿದ್ದರು. ಚಳಿಯಿರಬೇಕು ಅಂದುಕೊಂಡೆ.

ಈಗ ಕಣಗಳು ಗೋಡೆ ಮುಟ್ಟದೆ ಜಾರಿ ಹೋಗುತ್ತಿದ್ದವು. ರಕ್ತದ ಟ್ಯೂಬನ್ನು ನಾನೇ ಅಲುಗಾಡಿಸಿ ಕೆಡಿಸಿದೆನೇ? ಕಣ್ಣು ತುಂಬಿತು. ಪಕ್ಕದ ಮೇಜಿನ ಶರಣಬಸವ ಅಣ್ಣ, ಕಲಬುರಗಿಯವರು, ಅಂಗಿಯ ತೋಳು ಮಡಚಿದರು.

"ಎಷ್ಟ್ ಅಳ್ತಿ ತಂಗಿ? ನನ್ನ ರಕ್ತ ತಗದು ಹಾಕಿ ನೋಡು."

ಅದೇ ಕಾಲುವೆ, ಅದೇ ವಿಧಾನ. ಅವರ ಕಣಗಳು ಸಾಲಾಗಿ ಉರುಳಿದವು. "ನೋಡಿದಿ? ನಮ್ಮ ಮಂದಿ ಶಿಸ್ತು!"

ತಪ್ಪು ನನ್ನದಲ್ಲ. ಅಪ್ಪಯ್ಯನ ಕಣಗಳಿಗೆ ಹೊಳೆಯುವ ಬಣ್ಣ ಸೇರಿಸಿ ಎಣಿಸಿದೆವು. ಬಹುಪಾಲು ಕಣಗಳ ಮೇಲೆ ಗೋಡೆ ತಡವುವ ಆ ಮೊದಲ ಕೈಗಳೇ ಇರಲಿಲ್ಲ. ಮೈಯಲ್ಲೆಲ್ಲೋ ಅಪಾಯದ ಕೂಗು ಕೇಳಿ ಎಚ್ಚೆತ್ತ ಕಣಗಳು ಮಾತ್ರ ಅವನ್ನು ಹೀಗೆ ಉದುರಿಸಿಕೊಳ್ಳುತ್ತವೆ.

ಶರಣಬಸವ ಅಣ್ಣನ ನಗು ನಿಂತಿತು. "ಫೋನ್ ಹಚ್ಚು ತಂಗಿ."

"ಅಪ್ಪಯ್ಯ, ಎಲ್ಲಿದ್ದೀರಿ?"

"ವೈಟ್‌ಚಾಪೆಲ್ ಸ್ಟೇಷನ್ನಗೆ. ನೀ ಊಟಕ್ಕೆ ಬತ್ಯೇನೋ ಅಂತ ಕೂತಿದ್ದೆ. ನನ್ನ ಕಣ ಹ್ಯಾಂಗಿತ್ತ್ ಮಗಾ, ಚುರುಕಾ?"

"ನಿಮ್ಗೆ ಎಲ್ಲಿ ನೋವು?"

"ಎಂತದೂ ಇಲ್ಲ."

"ಅಪ್ಪಯ್ಯ."

ರೈಲೊಂದು ಬಂದು ಹೋದ ಸದ್ದು. "ಬೆರಳ್. ಮಂಗಳವಾರ ಬಂಗ್ಡೆ ಮೀನ್ ಕೊಯ್ವತ್ತಿಗೆ ಮುಳ್ಳ್ ಹೆಟ್ಟಿತ್. ಅರ್ಶಿನ ಸುಣ್ಣ ಹಚ್ಚಿದ್ದೆ."

"ಜ್ವರ?"

"ಸ್ವಲ್ಪ."

"ಮಾತ್ರೆ?"

"ನೀನೇ ಬ್ಯಾಡ ಅಂದಿದ್ಯಲೆ!"

"ಆರೋಗ್ಯವಾಗಿದ್ದೀರಾ ಅಂತ ಫಾರ್ಮ್‌ನಲ್ಲಿ ಕೇಳಿರ್ಲಿಲ್ವಾ?"

"ಟಿಕ್ ಹಾಕ್ದೆ. ಇಲ್ದಿರೆ ನಿನ್ನ ಪಾಳಿ ಹೋತಿತ್ತಲೆ."

ಫೋಟೋ ಕಳಿಸಲು ಹೇಳಿದೆ. ಬೆರಳು ಬದನೆಕಾಯಿಯಂತೆ ಊದಿ ಮಿರುಗುತ್ತಿತ್ತು. ಅದರ ಬುಡದಿಂದ ಮಣಿಕಟ್ಟಿನಾಚೆಗೆ ಕೆಂಪು ಗೆರೆ ಏರಿತ್ತು. ಸೋಂಕು ಮೇಲೇರುತ್ತಿದೆ. ಪಾಳಿಯಲ್ಲಿ ಇನ್ನೂ ಎರಡು ಗಂಟೆ ಬಾಕಿ. ಶರಣಬಸವ ಅಣ್ಣನ ಕಣಗಳಲ್ಲಿ ಅರ್ಧ ಕೆಲಸವಾದರೂ ಮುಗಿಯುತ್ತಿತ್ತು. ಮೈಕ್ರೋಸ್ಕೋಪಿನ ದೀಪ ಆರಿಸಿದೆ.

"ಕಾಲುವಿ ನಾ ತೊಳಿತೀನಿ," ಎಂದರು ಅವರು. "ನೀ ಓಡು."

ಆಸ್ಪತ್ರೆಯಲ್ಲಿ ಡಾಕ್ಟರು ಬೆರಳು ಮರಗಟ್ಟಿಸಿ ಸಣ್ಣಗೆ ಕೊಯ್ದರು. ಕೀವು ಬಂತು. ಅಪ್ಪಯ್ಯ ಮುಖ ತಿರುಗಿಸಿದರು. "ಶೀ, ಗಲೀಜು."

"ಗಲೀಜಲ್ಲ ಅಪ್ಪಯ್ಯ. ಇವೆಲ್ಲ ನಿಮ್ಮ ಬಿಳಿಕಣಗಳೇ. ಮಂಗಳವಾರದಿಂದ ನಾಳ ದಾಟಿ ಇಲ್ಲಿಗೆ ಬಂದು ಸತ್ತವು."

ಮೆಲ್ಲಗೆ ಈ ಕಡೆ ತಿರುಗಿ ನೋಡಿದರು. "ಇಷ್ಟೆಲ್ಲ? ಪಾಪ." ಆಮೇಲೆ, "ನಿನ್ನ ಕೆಲ್ಸ ನಾನೇ ಹಾಳ್ ಮಾಡ್ದೆ ಅಲ್ದಾ?"

"ಹೌದು, ನೀವೇ," ಎಂದೆ, ಅವರ ಹಣೆಯ ಬೆವರು ಒರೆಸುತ್ತ. "ನಮ್ಮ ಗೈಡ್ ಮೇಡಂಗೆ ಮೆಸೇಜ್ ಹಾಕಿದೀನಿ. ಬೈದ್ರೆ ಬೈಸ್ಕೊಳ್ತೀನಿ."

ಮಾತ್ರೆ ನುಂಗಿಸಿ, ಕೈಯನ್ನು ಎದೆಗಿಂತ ಮೇಲೆ ಹಿಡಿದಿರಬೇಕೆಂದು ಹೇಳಿ ಕಳಿಸಿದರು. ಎಲಿಜಬೆತ್ ಲೈನ್ ರೈಲಿನಲ್ಲಿ ಅಪ್ಪಯ್ಯ ಬ್ಯಾಂಡೇಜಿನ ಕೈಯನ್ನು, ಉತ್ತರ ಗೊತ್ತಿರುವ ಹುಡುಗನಂತೆ ಎತ್ತಿಕೊಂಡೇ ಕೂತರು. ಪ್ಯಾಡಿಂಗ್ಟನ್ ದಾಟುವಾಗ ನಿದ್ದೆ ಹತ್ತಿತು. ಕೈ ಇಳಿಯತೊಡಗಿತು. ಅವರ ಮೊಣಕೈ ಕೆಳಗೆ ನನ್ನ ಅಂಗೈ ಕೊಟ್ಟೆ. ಸೌತಾಲ್ ಬರುವಷ್ಟರಲ್ಲಿ ನನ್ನ ತೋಳು ಜೋಮು ಹಿಡಿದಿತ್ತು. ಹೇಸ್‌ಗೆ ಇನ್ನೊಂದೇ ನಿಲ್ದಾಣ. ಹಾಗೇ ಹಿಡಿದುಕೊಂಡೆ.