ಬಾಯಿ ಜಾಸ್ತಿ

"ಕಣ್ಣು ಹೊಟ್ಟೋಗಿದ್ಯೇನೇ ಮುಂಡೇದೇ? ಸಾಹೇಬ್ರು ಕೂರೋ ಕುರ್ಚಿನ ಕಕ್ಕಸು ತೊಳ್ದ ಕೈಲಿ ಒರೆಸ್ತೀಯಾ?"

ಹೆಡ್‌ಮಾಸ್ತರ ಕೂಗಿಗೆ ಕಸ ಗುಡಿಸುವವಳು ಬಟ್ಟೆಯನ್ನು ಹಿಂದಕ್ಕೆಳೆದುಕೊಂಡಳು. ಅಂದು ಶಾಲೆಯಲ್ಲಿ ಮಕ್ಕಳ ಹಕ್ಕುಗಳ ಸಭೆ. ಅವಳ ಮಗಳು ಓದುತ್ತಿದ್ದುದೂ ಅಲ್ಲೇ. ಬಾಯಿ ಮುಚ್ಚದ ಹುಡುಗಿ. ಎಲ್ಲರೂ ಗಿಣಿ ಎನ್ನುತ್ತಿದ್ದರು.

ಶಿಕ್ಷಣ ಇಲಾಖೆಯ ಸಾಹೇಬರು ಬಂದು ಚೆನ್ನಾಗಿಯೇ ಮಾತಾಡಿದರು. ಮಕ್ಕಳನ್ನು ಕೇಳದೆ ಮಕ್ಕಳ ವಿಷಯ ತೀರ್ಮಾನಿಸಬಾರದು ಎಂದರು. "ನಿಮಗೇನು ಬೇಕು? ಹೆದರದೆ ಹೇಳಿ."

ಆಟದ ಸಾಮಾನು, ಕಥೆ ಪುಸ್ತಕ ಎಂದು ಮೇಷ್ಟ್ರು ಹೇಳಿಕೊಟ್ಟದ್ದನ್ನೇ ಮಕ್ಕಳು ಒಪ್ಪಿಸಿದರು. ಯಾರೂ ಕರೆಯದಿದ್ದರೂ ಗಿಣಿ ಎದ್ದಳು.

"ಸಾರ್, ದಿನಾ ಬೆಳಿಗ್ಗೆ ಮಕ್ಕಳ ಕಕ್ಕಸು ತೊಳಿಯಕ್ಕೆ ನಮ್ ಕೇರಿಯವ್ರನ್ನೇ ಕಳಿಸ್ತಾರೆ. ಆಮೇಲೆ ಕ್ಲಾಸಲ್ಲಿ ಎಲ್ರೂ ನಮ್ಮನ್ನ ನೋಡಿ ಮೂಗು ಮುಚ್ಕೊಂತಾರೆ. ನಮಗೆ ಅದು ಬೇಡ."

ಹೆಡ್‌ಮಾಸ್ತರು ನಕ್ಕರು. "ಸುಳ್ಳು ಸಾರ್. ಅವರಮ್ಮನೇ ಇಲ್ಲಿದ್ದಾಳೆ, ಕೇಳಿ."

ಎಲ್ಲರೂ ತಿರುಗಿದರು. ತಾಯಿ ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದಳು. ಈ ಕೆಲಸ ಹೋದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

"ಸುಳ್ಳೇ ಸಾರ್. ಇದಕ್ಕೆ ಬಾಯಿ ಜಾಸ್ತಿ" ಎಂದವಳೇ ಹೋಗಿ ಮಗಳ ಕೆನ್ನೆಗೆ ಬಾರಿಸಿದಳು.

ಗಿಣಿ ಅಳಲಿಲ್ಲ. ಅಮ್ಮನನ್ನು ಒಮ್ಮೆ ನೋಡಿ ಕೂತುಬಿಟ್ಟಳು. ಯಾರೋ ಚಪ್ಪಾಳೆ ಶುರುಮಾಡಿದರು; ಸಭೆ ಮುಗಿಯಿತು.

ಸಾಹೇಬರು ತಿಂಡಿಗೆ ಕೂತಾಗ ಹೆಡ್‌ಮಾಸ್ತರು ಗಿಣಿಯನ್ನು ಬೆರಳಲ್ಲಿ ಕರೆದರು. "ಭಾಷಣ ಮಾಡ್ದೆಯಲ್ಲ, ಹೋಗು, ಈಗ ತೊಳಿ."

ತಾಯಿ ಹಿಂದೆಯೇ ಹೋದಳು. ಮಗಳು ಲಂಗ ಎತ್ತಿಕಟ್ಟಿ ತಿಕ್ಕುತ್ತಿದ್ದಳು. ಕೆನ್ನೆಯ ಮೇಲೆ ಬೆರಳುಗಳು ಮೂಡಿದ್ದವು. ಅವು ತನ್ನವೇ ಬೆರಳುಗಳು. ನೆಲ ಬಾಯಿ ಬಿಡಬಾರದೇ ಎನಿಸಿತು.

"ಕೊಡವ್ವ, ನಾ ತೊಳೀತೀನಿ."

"ಬೇಡ. ನೀನು ತೊಳೆದ್ರೂ ನಾಳೆ ನಾನೇ ತೊಳೀಬೇಕು."

ತಾಯಿ ಮಗಳ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಈ ಹುಡುಗಿಯನ್ನು ಹೊತ್ತು ಹೆತ್ತು ಸಾಕಿದವಳು ಒಂದು ದಿನವೂ ಅವಳನ್ನು ಏನನ್ನೂ ಕೇಳಿರಲಿಲ್ಲ.

"ಹಂಗಾದ್ರೆ ಏನ್ ಮಾಡೋಣ? ನೀನೇ ಹೇಳು."

ಗಿಣಿ ಬ್ರಷ್ಷು ಕೆಳಗಿಟ್ಟಳು. "ಸಾಹೇಬ್ರ ಕಾರಿಗೆ ಅಡ್ಡ ಕೂರೋಣ. ನೀನು ನಿಜ ಹೇಳ್ಬೇಕು. ಜೋರಾಗಿ."

ಸಾಹೇಬರು ಕೈ ಒರೆಸಿಕೊಳ್ಳುತ್ತ ಕಾರು ಹತ್ತಿದಾಗ ಕಸ ಗುಡಿಸುವವಳು ಗೇಟಿನ ನಡುವೆ ಮಣ್ಣಲ್ಲಿ ಕೂತಿದ್ದಳು. ಡ್ರೈವರು ಹಾರನ್ ಒತ್ತಿದ. ಹೆಡ್‌ಮಾಸ್ತರು ಓಡಿಬಂದರು. "ಏಳೇ ಬೋಸುಡಿ, ನಾಳೆಯಿಂದ ಕೆಲಸಕ್ಕೆ ಬರ್ಬೇಡ."

"ಬರಲ್ಲ. ನನ್ ಮಗಳು ಹೇಳಿದ್ದು ನಿಜ. ಸುಳ್ಳು ಹೇಳಿದ್ದು ನಾನು."

ಸಾಹೇಬರು ಗಾಜು ಏರಿಸಿಕೊಂಡರು. ಹಾರನ್ ನಿಲ್ಲಲಿಲ್ಲ. ಗಿಣಿ ಹೋಗಿ ಕರೆದ ಕೇರಿಯ ಮಕ್ಕಳು ಒಬ್ಬೊಬ್ಬರಾಗಿ ಬಂದು ಕೂತರು. ಕೊನೆಗೆ ಗಿಣಿಯೂ ಬಂದಳು. ತಾಯಿ ತನ್ನ ಪಕ್ಕದ ಮಣ್ಣನ್ನು ಕೈಯಿಂದ ಸವರಿ ಜಾಗ ಮಾಡಿದಳು.

ಗಿಣಿ ಒಮ್ಮೆ ಕೆನ್ನೆ ಮುಟ್ಟಿಕೊಂಡಳು, ಅಲ್ಲಿ ಕೂರಲಿಲ್ಲ. ಅತ್ತ ಕೊನೆಯಲ್ಲಿ, ಮಕ್ಕಳ ಜೊತೆ ಕೂತಳು.