ಹದಿನಾಲ್ಕರ ಮೇಲೊಂದು ಗೆರೆ

ನಮ್ಮ ಮಾವನವರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೂಗು ಸ್ವಲ್ಪ ಉದ್ದವಾದ್ದರಿಂದ ಕೋಪ ಬರುವುದು ನಮಗೆಲ್ಲ ಮೊದಲೇ ಕಾಣಿಸುತ್ತದೆ. ಆದರೆ ಅವರ ಅಂಗಡಿಗೆ ಬರುವ ಲಿಫ್ಟ್ ಮೆಕ್ಯಾನಿಕ್‌ಗೆ ಅದೆಲ್ಲ ಗೊತ್ತಾಗುವುದಿಲ್ಲ.

ಮನೆಯ ಮುಂದಿನ ಕೋಣೆಯೇ ಮಾವನ ಅಂಗಡಿ. ಕರೆಂಟ್ ಕೆಲಸದವರು, ಫ್ರಿಜ್ ರಿಪೇರಿಯವರು ತಮ್ಮ ಮೀಟರುಗಳನ್ನು ತಂದು ಕೊಡುತ್ತಾರೆ. ಅವು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಅಂತ ಮಾವ ಪರೀಕ್ಷೆ ಮಾಡಿ ಸರಿಪಡಿಸುತ್ತಾರೆ. ಪರೀಕ್ಷೆಗೆ ಅವರೇ ಕಟ್ಟಿದ ಒಂದು ಡಬ್ಬವಿದೆ. ತಂತಿ ಕಟ್ಟಲು ಎರಡು ಹಿತ್ತಾಳೆ ತಿರುಪು, ಅವುಗಳ ನಡುವೆ ಸದಾ ಹತ್ತು ವೋಲ್ಟ್. ಮೀಟರ್ ಬೇರೇನಾದರೂ ತೋರಿಸಿದರೆ ತಪ್ಪು ಮೀಟರಿನದು, ಡಬ್ಬದ್ದಲ್ಲ.

"ಯಜಮಾನ್ರೇ, ಡಬ್ಬಕ್ಕೂ ವಯಸ್ಸಾಗತ್ತೆ," ಒಂದು ದಿನ ಮೀಟರ್ ತಂದ ಮೆಕ್ಯಾನಿಕ್ ಅಂದ. "ಇದು ಈಗ್ಲೂ ಹತ್ತೇ ಇದೆ ಅಂತ ಯಾರು ನೋಡಿದಾರೆ?"

"ಹತ್ತೊಂಬತ್ತು ವರ್ಷದ ಹಿಂದೆ ಲ್ಯಾಬಲ್ಲಿ ಸರಿಯಾಗಿ ಹತ್ತಕ್ಕೆ ನಿಲ್ಸಿದ್ದು. ಆವತ್ತಿಂದ ಇಪ್ಪತ್ತು ಮೈಕ್ರೋವೋಲ್ಟ್‌ಗಿಂತ ಜಾಸ್ತಿ ಕದಲಿದ್ರೆ ಈ ಅಂಗಡಿ ಬಾಗಿಲು ಹಾಕ್ತೀನಿ. ನೀನೇ ಸಾಕ್ಷಿ."

"ಬಾಗಿಲು ಹಾಕಿ ಎಲ್ಲಿ ಕೂತ್ಕೋತೀರಿ? ನನ್ನ ಅಡುಗೆಮನೇಲಾ?" ಅಂತ ಒಳಗಿನಿಂದ ಅತ್ತೆ ಕೇಳಿದರು.

ಒಂದು ವೋಲ್ಟನ್ನು ಹತ್ತು ಲಕ್ಷ ಚೂರು ಮಾಡಿದರೆ ಅದರಲ್ಲೊಂದು ಚೂರು ಮೈಕ್ರೋವೋಲ್ಟ್. ಅಂಗಡಿಗೆ ಬರುವ ಮೀಟರುಗಳಿಗೆ ನೂರು ಚೂರು ಹೆಚ್ಚುಕಮ್ಮಿಯಾದರೂ ಕಣ್ಣಿಗೆ ಬೀಳುವುದಿಲ್ಲ. ಇಪ್ಪತ್ತರ ಲೆಕ್ಕ ಯಾರೂ ಕೇಳಿರಲಿಲ್ಲ, ಜಂಬಕ್ಕೆ ಬಾಯಿಂದ ಬಂದದ್ದು. ಆದರೆ ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮಾವ ಆಡಿದ ಮಾತು ನುಂಗುವವರಲ್ಲ. ಅಂಗಡಿ ಇಲ್ಲದೆ ಅವರು ಬದುಕುವವರೂ ಅಲ್ಲ. ರಜೆಯ ದಿನ ಒಂದು ಗಂಟೆ ಸುಮ್ಮನೆ ಕೂತರೆ ಸಾಕು, ಗೋಡೆ ಗಡಿಯಾರ ಬಿಚ್ಚಲು ಶುರುಮಾಡುತ್ತಾರೆ.

ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಆ ಲ್ಯಾಬಿನಲ್ಲಿ ಈಗ ಕೆಲಸ ಮಾಡುವವಳು ನಾನು. ಹಾಗಾಗಿ ಡಬ್ಬ ಅಳೆದು ನೋಡುವ ಗ್ರಹಚಾರ ನನ್ನ ತಲೆಗೇ ಬಂತು.

ದಾರಿಯಲ್ಲಿ ಆರಿಹೋಗದಿರಲಿ ಅಂತ ಬ್ಯಾಟರಿ ಕಟ್ಟಿದ ಡಬ್ಬವನ್ನು ಮಾವ ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದರು. ಹೊಸ ಜಾಗಕ್ಕೆ ಹೊಂದಿಕೊಳ್ಳಲಿ ಅಂತ ಅದನ್ನು ಲ್ಯಾಬಿನಲ್ಲಿ ಒಂದು ದಿನ ಹಾಗೇ ಬಿಟ್ಟೆವು. ಮರುದಿನ ಲ್ಯಾಬಿನ ಹತ್ತು ವೋಲ್ಟಿಗೂ ಡಬ್ಬದ ಹತ್ತು ವೋಲ್ಟಿಗೂ ಎದುರುಬದುರಾಗಿ ತಾಮ್ರದ ತಂತಿ ಬಿಗಿದೆ. ಎರಡರ ನಡುವಿನ ವ್ಯತ್ಯಾಸ ಮಾತ್ರ ಪರದೆಯ ಮೇಲೆ ಬರುತ್ತದೆ. ಮಾವ ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂತರು. ನಾನು ಡಬ್ಬದ ಮೇಲೆ ಬಗ್ಗಿ, ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಪರದೆ ನೋಡುತ್ತಿದ್ದೆ. ಅಂಕಿಗಳು ಓಡಾಡಿ ಕೊನೆಗೆ ಒಂದು ಕಡೆ ನಿಂತವು. ಡಬ್ಬದ್ದು ಹದಿನಾಲ್ಕು ಮೈಕ್ರೋವೋಲ್ಟ್ ಜಾಸ್ತಿ.

ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಗಬಕ್ಕನೆ ಪೆನ್ ತೆಗೆದು ರಿಜಿಸ್ಟರಿನಲ್ಲಿ ಬರೆದೇಬಿಟ್ಟೆ.

"ಗೆದ್ರಿ ಮಾವ. ಏಳಿ, ಮನೆಗೆ ಹೋಗೋಣ."

ಮಾವ ಏಳಲಿಲ್ಲ. "ನಿನ್ನ ಎಡಗೈ ಎಲ್ಲಿತ್ತಮ್ಮಾ?"

"ಎಡಗೈನಾ? ಡಬ್ಬದ ಮೇಲಿತ್ತು."

"ತಿರುಪಿನ ಮೇಲಿತ್ತು. ನಾನು ನೋಡ್ತಾ ಇದ್ದೆ. ಹಿತ್ತಾಳೆ ಬಿಸಿಯಾದ್ರೆ ತಂತಿ ಸೇರೋ ಜಾಗದಲ್ಲಿ ಅದೇ ಒಂದಿಷ್ಟು ವೋಲ್ಟೇಜ್ ಹುಟ್ಟಿಸತ್ತೆ, ಅಳತೆಗೆ ಅದು ಕೂಡ್ಲೂಬಹುದು, ಕಳೀಲೂಬಹುದು. ತಂತಿ ಅದಲುಬದಲು ಮಾಡಿ ಇನ್ನೊಂದ್ಸಲ ಅಳೀಲೂ ಇಲ್ಲ ನೀನು."

ನನ್ನ ಮುಖ ಕೆಂಪಾಯಿತು. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ, ಹೊಸದಾಗಿ ಬಂದವರಿಗೆ ಮೊದಲ ದಿನ ನಾನೇ ಹೇಳಿಕೊಡುವ ಪಾಠ. ನಲವತ್ತು ಬಂದಿದ್ದರೆ ಹತ್ತು ಸಲ ಬಿಚ್ಚಿ ಕಟ್ಟಿ ಅಳೆಯುತ್ತಿದ್ದೆ. ಹದಿನಾಲ್ಕು ಬಂತು, ಸಾಕು ಅನ್ನಿಸಿತು.

"ಮಾವ, ಒಳ್ಳೇದೇ ಬಂದಿದೆಯಲ್ಲ. ಸುಮ್ನಿರಿ."

"ಅದು ನನ್ನ ಡಬ್ಬದ ಹದಿನಾಲ್ಕಲ್ಲ, ನಿನ್ನ ಕೈ ಬಿಸಿದು. ಬಾ ಇಲ್ಲಿ, ದೂರ ಕೂತ್ಕೋ."

ತಿರುಪು ತಣಿಯಲಿ ಅಂತ ಅರ್ಧ ಗಂಟೆ ಇಬ್ಬರೂ ಗೋಡೆಗೊರಗಿ ಕೂತೆವು. ಅತ್ತೆಯ ಕಾಫಿಯಲ್ಲಿ ಈಚೆಗೆ ಸಕ್ಕರೆ ಕಡಿಮೆಯಾಗುತ್ತಿರುವ ಬಗ್ಗೆ ಮಾವ ನನ್ನ ಹತ್ತಿರ ದೂರು ಕೊಟ್ಟರು. ಆಮೇಲೆ ಕೈ ಸೋಕಿಸದೆ ಅಳೆದೆ. ಮೂವತ್ತೊಂದು. ತಂತಿ ಅದಲುಬದಲು ಮಾಡಿ, ಮತ್ತೆ ತಣಿಯಲು ಬಿಟ್ಟು ಅಳೆದೆ. ಮೂವತ್ತೊಂದು. ಮೂರನೇ ಸಲವೂ ಅದೇ.

ನಮ್ಮ ರಿಜಿಸ್ಟರಿನಲ್ಲಿ ಏನನ್ನೂ ಅಳಿಸುವ ಹಾಗಿಲ್ಲ. ತಪ್ಪಿದ ಅಂಕಿಯ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಹಳೆಯದು ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದ ಅಂಕಿ, ಕಾರಣ, ಸಹಿ. ಪೆನ್ ಹಿಡಿದುಕೊಂಡೆ, ಕೈ ಮುಂದೆ ಹೋಗಲಿಲ್ಲ.

"ಗೆರೆ ಎಳಿ," ಅಂದರು ಮಾವ.

ಎಳೆದೆ. ಕಣ್ಣಲ್ಲಿ ನೀರು ಬಂತು, ಜೊತೆಗೆ ಈ ಮನುಷ್ಯನ ಮೇಲೆ ಕೆಟ್ಟ ಕೋಪವೂ ಬಂತು. ಆ ಪುಟದ ಜೆರಾಕ್ಸ್, ಡಬ್ಬ ಎರಡನ್ನೂ ತೆಗೆದುಕೊಂಡು ಹೊರಟೆವು. ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ತಿರುಗಿ ಕೂತೆ. ಮಾವ ಮಾತ್ರ ಹತ್ತೊಂಬತ್ತು ವರ್ಷಕ್ಕೆ ಮೂವತ್ತೊಂದು ಅಂದರೆ ವರ್ಷಕ್ಕೆ ಎಷ್ಟು ಅಂತ ಬೆರಳು ಮಡಿಸುತ್ತಿದ್ದರು.

ಅಂಗಡಿಯ ಮೆಟ್ಟಿಲ ಮೇಲೆ ಮೆಕ್ಯಾನಿಕ್ ಕಾಯುತ್ತಿದ್ದ. ಮಾವ ಜೆರಾಕ್ಸನ್ನು ಅವನ ಕೈಗಿಟ್ಟರು. "ಮೂವತ್ತೊಂದು. ನೀನು ಹೇಳಿದ್ದೇ ಸರಿ." ಸೀದಾ ಒಳಗೆ ಹೋಗಿ ಬಾಗಿಲು ಹಾಕಿ ಅಗಳಿ ಜಡಿದರು.

ನಾನು ಪಕ್ಕದ ಬಾಗಿಲಿಂದ ಒಳಗೆ ಹೋಗುವಷ್ಟರಲ್ಲಿ ಅತ್ತೆಗೆ ವಿಷಯ ಗೊತ್ತಾಗಿತ್ತು. "ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋರನ್ನ ಇವತ್ತೇ ನೋಡಿದ್ದು," ಅಂದರು. ಮಾವ ಕುರ್ಚಿಯಲ್ಲಿ ಕೂತು ನೆಲ ನೋಡುತ್ತಿದ್ದರು. ಅಷ್ಟು ಸಣ್ಣವರಾಗಿ ಅವರು ನನಗೆ ಯಾವತ್ತೂ ಕಂಡಿರಲಿಲ್ಲ.

ಕಿಟಕಿಯ ಹೊರಗಿನಿಂದ ಮೆಕ್ಯಾನಿಕ್ ಕೇಳಿದ, "ಯಜಮಾನ್ರೇ, ಇಲ್ಲಿ ಹದಿನಾಲ್ಕು ಅಂತ ಇತ್ತಲ್ಲ? ಯಾರು ಹೊಡೆದು ಹಾಕಿದ್ದು?"

ನಾನೇ ಹೇಳಿದೆ. "ಹೊಡೆದಿದ್ದು ನಾನು, ಹೊಡೆಸಿದ್ದು ಅವ್ರು. ಸುಮ್ನಿದ್ದಿದ್ರೆ ಗೆದ್ದಿರೋರು."

ಆಮೇಲೆ ಕಿಟಕಿಯ ಸರಳುಗಳ ನಡುವಿಂದ ಒಂದು ಮೀಟರ್ ಒಳಗೆ ಬಂತು, ಅದರ ಹಿಂದೆ ಮೆಕ್ಯಾನಿಕ್‌ನ ಕೈ.

"ಇದನ್ನ ನೋಡಿ ಕೊಡಿ."

"ಅಂಗಡಿ ಮುಚ್ಚಿದೆ, ಕಾಣ್ಸಲ್ವಾ?" ಅಂದರು ಮಾವ.

"ಕಾಣ್ಸತ್ತೆ. ತೆಗೆಯೋವರೆಗೂ ಕೂತಿರ್ತೀನಿ. ನಾಳೆ ಒಂಬತ್ತು ಮಹಡಿ ಕಟ್ಟಡದಲ್ಲಿ ಲಿಫ್ಟ್ ರಿಪೇರಿ ಇದೆ, ಈ ಮೀಟರ್ ನಂಬ್ಕೊಂಡೇ ನಾನು ಕೈ ಹಾಕ್ಬೇಕು. ಬೇರೆಯವ್ರ ಹತ್ರ ಹೋಗೋಕೆ ನಂಗೆ ಧೈರ್ಯ ಇಲ್ಲ."

ಅತ್ತೆ ಮಾವನ ಮುಂದೆ ಬಂದು ನಿಂತರು. "ಬಾಗಿಲು ಹಾಕ್ತೀನಿ ಅಂದಿದ್ರಿ, ಹಾಕಿದ್ದಾಯ್ತು. ಎಷ್ಟು ಹೊತ್ತು ಅಂತ ಹೇಳಿರ್ಲಿಲ್ಲ. ಏಳಿ."

ಮಾವ ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು. ಕಿಟಕಿಯಲ್ಲಿ ಚಾಚಿದ್ದ ಕೈ ಹಾಗೇ ಇತ್ತು. ಮಾವ ಎದ್ದರು. ಒಂದು ಚೀಟಿ ಹರಿದು ಅದರ ಮೇಲೆ "ಹತ್ತು ವೋಲ್ಟ್, ಜೊತೆಗೆ ಮೂವತ್ತೊಂದು ಮೈಕ್ರೋ" ಅಂತ ದಪ್ಪಕ್ಷರದಲ್ಲಿ ಬರೆದು, ಯಾರು ಬಂದರೂ ಮೊದಲು ಕಾಣುವ ಹಾಗೆ ಡಬ್ಬದ ಮುಂಭಾಗಕ್ಕೆ ಅಂಟಿಸಿದರು. ಆಮೇಲೆ ಹೋಗಿ ಅಗಳಿ ತೆಗೆದರು.

"ಒಳಗೆ ಬಾ," ಅಂದರು. "ಏನು ಹೇಳ್ತಿದೆ ನಿನ್ನ ಮೀಟರ್?"